ಲೆವಾರನ ಏಳು ಜಡೆ

ನಮ್ಮ ಗುಡ್ಡದ ಮೇಲಿನ ಪುಟ್ಟ ಪ್ರಾರ್ಥನಾಮಂದಿರದಲ್ಲಿ ನಾನು ಮೂವತ್ತೊಂದು ವರ್ಷಗಳಿಂದ ಉಪದೇಶ ಮಾಡುತ್ತ ಬಂದಿದ್ದೇನೆ. ದೀಕ್ಷೆ ಪಡೆದ ಪಾದ್ರಿ ನಾನಲ್ಲ. ವಾರದ ಆರು ದಿನ ಬಡಗಿ, ಏಳನೆಯ ದಿನ ಮಾತ್ರ ದೇವರ ಸೇವಕ. ಈ ಅವಧಿಯಲ್ಲಿ ಜನರಿಗೆ ನಾನು ಕಲಿಸಿದ್ದಕ್ಕಿಂತ ಜನರಿಂದ ಕಲಿತದ್ದೇ ಹೆಚ್ಚು. ಇದನ್ನು ವಿನಯದ ಮಾತೆಂದು ಯಾರೂ ತಿಳಿಯಬಾರದು. ಐಸಿಲ್ಡಾ ಪಿನಕ್ ಎಂಬ ರೊಟ್ಟಿ ಮಾರುವ ಹೆಂಗಸು ತನ್ನ ಮೊಮ್ಮಗನನ್ನು ಶಾಲೆಗೆ ಸಿದ್ಧಮಾಡಿದ ಬಗೆಯನ್ನು ಕಂಡವನು ನಾನು. ಕಂಡದ್ದನ್ನು ಬರೆದಿಡುವುದು ನನ್ನ ಕರ್ತವ್ಯವೆಂದು ಬರೆಯುತ್ತಿದ್ದೇನೆ.

ಊರಿಗೆಲ್ಲ ಅವಳು ಮಿಸ್ ಐಸಿ. ಮರಗೆಣಸನ್ನು ತುರಿದು, ಅದರ ವಿಷದ ಹಾಲನ್ನು ಕಲ್ಲಿನ ಭಾರದಲ್ಲಿ ಹಿಂಡಿ, ಉಳಿದ ಹಿಟ್ಟನ್ನು ಕಬ್ಬಿಣದ ಹಂಚಿನ ಮೇಲೆ ದುಂಡಗೆ ತಟ್ಟಿ ಬೇಯಿಸುವ ಬ್ಯಾಮಿ ರೊಟ್ಟಿಯೇ ಅವಳ ಜೀವನ. ಜಮೈಕಾದ ಸೇಂಟ್ ಎಲಿಜಬೆತ್ ಸೀಮೆಯಲ್ಲಿ ಅವಳ ರೊಟ್ಟಿಯಷ್ಟು ತೆಳುವಾದದ್ದು ಇನ್ನೊಂದಿರಲಿಲ್ಲ. ಗಂಡ ತೀರಿಕೊಂಡಿದ್ದ. ಮಗಳು ಶರ್ನೆಟ್ ಮಾಂಟೆಗೋ ಬೇ ಪಟ್ಟಣದ ಹೋಟೆಲೊಂದರಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದಳು. ಮೂರು ತಿಂಗಳ ಕೂಸನ್ನು ತಾಯಿಯ ಮಡಿಲಿಗೆ ಹಾಕಿ ಹೋದವಳು ತಿಂಗಳಿಗೆರಡು ಭಾನುವಾರ ಬಂದು ಹೋಗುತ್ತಿದ್ದಳು. ಆ ಕೂಸೇ ಲೆವಾರ್.

ಲೆವಾರನಿಗೆ ಆರು ವರ್ಷ ತುಂಬಿ ಏಳನೆಯದು ನಡೆಯುತ್ತಿತ್ತು. ಅವನ ತಲೆಯ ಮೇಲೆ ಹಣೆಯಿಂದ ಕುತ್ತಿಗೆಯವರೆಗೆ ಏಳು ಸಾಲು ಜಡೆ. ನಮ್ಮ ಜಮೈಕಾದ ಹಳ್ಳಿಗಳಲ್ಲಿ ಗಂಡುಮಗುವಿನ ಮಾತು ತಿಳಿಯಾಗುವ ತನಕ ಅದರ ಕೂದಲಿಗೆ ಕತ್ತರಿ ತಾಕಿಸುವವರಿಲ್ಲ. ತಾಕಿಸಿದರೆ ನಾಲಿಗೆ ಅಲ್ಲಿಗೇ ಕಟ್ಟಿಹೋಗುತ್ತದೆ ಎಂಬುದು ಹಿರಿಯರಿಂದ ಬಂದ ನಂಬಿಕೆ. ಬೇರೆ ಮಕ್ಕಳಿಗೆ ಮೂರಕ್ಕೋ ನಾಲ್ಕಕ್ಕೋ ಜಡೆ ಹೋಗುತ್ತದೆ. ಲೆವಾರನ ಮಾತು ಮಾತ್ರ ಇನ್ನೂ ಮೊಗ್ಗಾಗಿಯೇ ಇತ್ತು. ಅವನು ಆಡುವುದು ಅಜ್ಜಿಯೊಬ್ಬಳಿಗೆ ಅರ್ಥವಾಗುತ್ತಿತ್ತು. ಉಳಿದವರಿಗೆ ಅದು ಗೂಡಿನೊಳಗಿನ ಪಾರಿವಾಳದ ಸದ್ದು. ಮಕ್ಕಳು ನಗುತ್ತಾರೆಂದು ಅವಳು ಅವನನ್ನು ಶಿಶುಶಾಲೆಗೂ ಕಳಿಸಿರಲಿಲ್ಲ. ಆ ಸೆಪ್ಟೆಂಬರಿನಲ್ಲಿ ಪ್ರಾಥಮಿಕ ಶಾಲೆಗೆ ಸೇರಿಸದಿದ್ದರೆ ಮುಂದಿನ ವರ್ಷ ಅವನಿಗಿಂತ ಒಂದು ಮೊಳ ಕುಳ್ಳಗಿರುವವರ ನಡುವೆ ಕೂರಬೇಕಾಗುತ್ತಿತ್ತು. ಶಾಲೆಯ ನಿಯಮವಾದರೋ ಸ್ಪಷ್ಟ: ಖಾಕಿ ಅಂಗಿ, ಖಾಕಿ ಚಡ್ಡಿ, ಹುಡುಗರಿಗೆ ಗಿಡ್ಡ ಕೂದಲು.

ಇಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಜೂನ್ ತಿಂಗಳ ಒಂದು ಭಾನುವಾರ ನಾನು ವೇದಿಕೆಯ ಮೇಲೆ ನಿಂತು, ದೇವರು ಕೊಟ್ಟ ನಾಲಿಗೆಗೆ ಕತ್ತರಿಯ ಭಯವೇಕೆ, ಕೂದಲನ್ನು ನಂಬುವವರು ಸೃಷ್ಟಿಕರ್ತನನ್ನು ಹೇಗೆ ನಂಬಿಯಾರು ಎಂದು ಗಟ್ಟಿಯಾಗಿ ಕೇಳಿದೆ. ಹೆಸರೆತ್ತಲಿಲ್ಲ, ಆದರೆ ಮಂದಿರದ ಎಲ್ಲ ತಲೆಗಳೂ ಐಸಿಯ ಬೆಂಚಿನ ಕಡೆಗೆ ತಿರುಗಿದವು. ಅವಳು ಬಿಳಿ ಟೋಪಿಯನ್ನು ಸರಿಪಡಿಸಿಕೊಂಡು ನೇರವಾಗಿ ಕುಳಿತಳು. ಪ್ರಾರ್ಥನೆ ಮುಗಿದ ಮೇಲೆ ಬಾಗಿಲಲ್ಲಿ ನನ್ನನ್ನು ತಡೆದಳು.

"ಬ್ರದರ್ ಆಂಬ್ರೋಸ್, ನಮ್ಮ ಲಿನ್ವಲ್ ನೆನಪಿದ್ಯಾ ನಿಮ್ಗೆ?"

ನೆನಪಿತ್ತು. ಅವಳ ಹಿರಿಯ ಮಗ. ಎರಡು ವರ್ಷದವನಿದ್ದಾಗ ಅವನ ತಂದೆ ಹಟಕ್ಕೆ ಬಿದ್ದು ಕೂದಲು ಕತ್ತರಿಸಿಬಿಟ್ಟಿದ್ದ. ಹುಡುಗನಿಗೆ ಎಂಟರವರೆಗೆ ಮಾತು ಬರಲಿಲ್ಲ. ಶಾಲೆಗೆ ಮೂರು ವಾರ ಹೋದವನು ಅವಮಾನ ತಾಳಲಾರದೆ ಕಬ್ಬಿನ ಗದ್ದೆಯಲ್ಲಿ ಅಡಗಿ ಕೂರತೊಡಗಿದ. ಈಗ ಬ್ಲ್ಯಾಕ್ ರಿವರಿನಲ್ಲಿ ಮೀನು ಹಿಡಿಯುತ್ತಾನೆ. ತನ್ನ ದೋಣಿಯ ಮೇಲೆ ಬರೆದ ಹೆಸರನ್ನು ಓದಲು ಅವನಿಗೆ ಬಾರದು.

"ಅದು ಕೂದ್ಲಿಂದ ಆಗಿದ್ದಲ್ಲ ಅಂತ ನಿಮ್ಗೆ ದೇವ್ರು ಬಂದು ಹೇಳಿದ್ರಾ?"

"ಇಲ್ಲಮ್ಮ," ಎಂದೆ.

"ಮತ್ತೆ? ನಂಗೂ ಹೇಳಿಲ್ಲ. ಗೊತ್ತಿಲ್ದೇ ಇರೋದನ್ನ ಅಷ್ಟು ಜೋರಾಗಿ ಕೂಗ್ಬೇಡಿ."

ಆ ರಾತ್ರಿ ನಾನು ಮೊಣಕಾಲೂರಿ ಬಹಳ ಹೊತ್ತು ಕುಳಿತಿದ್ದೆ.

ಆದರೆ ಅವಳೂ ಸುಮ್ಮನೆ ಕೂರುವವಳಲ್ಲ. ಶಾಲೆಗೆ ರಜೆ ಬಿದ್ದ ದಿನವೇ ತನಗೆ ತಾನೇ ಒಂದು ಕರಾರು ಮಾಡಿಕೊಂಡಳು: ಲೆವಾರ್ ಹೇಳಿದ್ದನ್ನು ಹೊರಗಿನ ಮೂವರು ಒಂದೇ ಸಲಕ್ಕೆ ಅರ್ಥ ಮಾಡಿಕೊಂಡರೆ ಮಾತು ತಿಳಿಯಾಯಿತೆಂದು ಲೆಕ್ಕ, ಅಂದೇ ಕತ್ತರಿ. ಖಾಕಿ ಬಟ್ಟೆ ತಂದು ಹೊಲಿಗೆ ಶುರುಮಾಡಿದಳು. ಸಂಜೆಯಾದರೆ ಹುಡುಗನನ್ನು ರಸ್ತೆಯ ನಲ್ಲಿಯ ಬಳಿ ನಿಲ್ಲಿಸಿ, ನೀರಿಗೆ ಬಂದವರನ್ನೆಲ್ಲ ಹಿಡಿದು ಕೇಳುವಳು: "ಏನ್ ಹೇಳ್ದ ಇವ್ನು? ಹೇಳಿ ನೋಡೋಣ." ಜನ ಬಕೆಟ್ ಹಿಡಿದು ತಲೆ ಕೆರೆದುಕೊಳ್ಳುವರು.

ಒಂದು ದಿನ ಹಲಗೆ ಹೇರಿದ ಕತ್ತೆಯೊಂದಿಗೆ ಹೋಗುತ್ತಿದ್ದ ನಾನೂ ಸಿಕ್ಕಿಬಿದ್ದೆ. ಲೆವಾರ್ ನನ್ನ ಮುಖ ನೋಡುತ್ತ, ಏಳು ಜಡೆಗಳ ಕೆಳಗೆ ಹಣೆ ಗಂಟಿಕ್ಕಿ, ಬಹು ಪ್ರಯಾಸದಿಂದ ಏನೋ ನುಡಿದ. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಆ ಕಣ್ಣುಗಳನ್ನು ನೋಡಿ ಇಲ್ಲವೆನ್ನಲು ಮನಸ್ಸಾಗಲಿಲ್ಲ.

"ಆಹಾ! ಎಷ್ಟು ಸ್ಪಷ್ಟವಾಗಿ ಹೇಳ್ದೆಯಪ್ಪ!" ಎಂದೆ.

"ಏನ್ ಹೇಳ್ದ?" ಎಂದಳು ಐಸಿ.

ನಾನು ಕೆಮ್ಮಿದೆ.

"ಏನ್ ಹೇಳ್ದ ಅಂತ ಕೇಳ್ದೆ, ಬ್ರದರ್."

"ಅದೇ... ನಮಸ್ಕಾರ ಅಂದ."

"ನಿಮ್ಮ ಕತ್ತೆ ಯಾಕೆ ಕುಂಟ್ತಾ ಇದೆ ಅಂದ. ವೇದಿಕೆ ಹತ್ತೋ ಬಾಯಲ್ಲಿ ಮಗು ಎದುರಿಗೆ ಸುಳ್ಳು! ಹೋಗಿ, ಕತ್ತೆ ಕಾಲು ನೋಡಿ ಮೊದ್ಲು."

ನೋಡಿದೆ. ಗೊರಸಿನಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ನಾನು ಗಮನಿಸದಿದ್ದುದನ್ನು ಆ ಮಗು ಗಮನಿಸಿತ್ತು, ಹೇಳಿಯೂ ಇತ್ತು. ಬುದ್ಧಿಯ ಕೊರತೆಯೇನೂ ಅವನಲ್ಲಿರಲಿಲ್ಲ.

ಆಗಸ್ಟ್ ಮೊದಲ ವಾರ ಹೆಸರು ಬರೆಸಲು ಶಾಲೆಗೆ ಹೋಗಬೇಕಾಯಿತು. ಐಸಿಗೆ ಒಬ್ಬಳೇ ಹೋಗಲು ಅಳುಕು, ನನ್ನನ್ನು ಕರೆದಳು. ಮೊದಲ ತರಗತಿಯ ಟೀಚರ್ ಮಿಸ್ ಡೆಲ್ಫೀನ್ ರೇ ನಮ್ಮ ಊರಿನವಳೇ, ನಗುಮುಖದ ದಪ್ಪ ಹೆಂಗಸು. ಅವಳು ಮುಂದಕ್ಕೆ ಬಾಗಿ ಹುಡುಗನನ್ನೇ ಕೇಳಿದಳು.

"ನಿನ್ ಹೆಸ್ರೇನು ಮರಿ?"

"ಲೆವಾರ್ ಪಿನಕ್," ಎಂದಳು ಐಸಿ.

"ವಯಸ್ಸೆಷ್ಟು?"

"ಮಾರ್ಚಿಗೆ ಆರು ತುಂಬ್ತು," ಐಸಿಯೇ.

"ಬಾಯಾರಿಕೆನಾ? ನೀರು ಬೇಕಾ?"

"ಅವ್ನಿಗೆ ನೀರು ಬೇಡ, ನಿಮ್ಮ ಮೇಜಿನ ಮೇಲಿರೋ ಕೆಂಪು ಸೀಮೆಸುಣ್ಣ ಬೇಕು."

ಟೀಚರ್ ಹುಡುಗನನ್ನು ನೋಡಿದಳು. ಅವನು ತುಟಿ ಬಿಚ್ಚಿರಲಿಲ್ಲ. ಕಣ್ಣು ಮಾತ್ರ ಸೀಮೆಸುಣ್ಣದ ಮೇಲಿತ್ತು.

"ಮಿಸ್ ಐಸಿ, ಶಾಲೆಗೆ ಸೇರ್ತಿರೋದು ಯಾರು? ನಿಮಗೂ ಒಂದು ಖಾಕಿ ಚಡ್ಡಿ ಹೊಲಿಸ್ಲಾ?"

ನಾನು ನಕ್ಕುಬಿಟ್ಟೆ. ಐಸಿ ನಗಲಿಲ್ಲ. ಟೀಚರ್ ದನಿ ತಗ್ಗಿಸಿದಳು.

"ಕೂದ್ಲು ಗಿಡ್ಡ ಮಾಡ್ಸ್ಲೇಬೇಕು, ಅದು ನನ್ ಕೈಲಿಲ್ಲ. ಮಾತು ನಿಧಾನ ಇದ್ರೆ ಪರ್ವಾಗಿಲ್ಲ, ನಾನು ಕಾಯ್ತೀನಿ. ಆದ್ರೆ ಅಜ್ಜಿ, ಅವ್ನು ಬಾಯಿ ತೆಗೆಯೋಕೆ ಮುಂಚೆನೇ ನೀವು ಕೊಟ್ಬಿಡ್ತೀರಿ. ಅವ್ನಿಗೆ ಮಾತಿನ ಅಗತ್ಯನೇ ಬಿದ್ದಿಲ್ವಲ್ಲ!"

ಹಿಂದಿರುಗುವಾಗ ಐಸಿ ನಮ್ಮ ಮನೆಯ ತಿರುವಿನಲ್ಲಿ ಗಕ್ಕನೆ ನಿಂತಳು.

"ಲಿನ್ವಲ್‌ಗೂ ಹಿಂಗೇ ಮಾಡ್ತಿದ್ದೆ ನಾನು. ಅವ್ನು ಬೆರಳು ತೋರಿಸ್ತಿದ್ದ, ನಾನು ಓಡ್ತಿದ್ದೆ. ಇಷ್ಟು ವರ್ಷ ಅವ್ರಪ್ಪನ ಕತ್ತರಿನ ಬೈಕೊಂಡು ಬಂದೆ, ಬ್ರದರ್. ನಾಲಿಗೆ ಕಟ್ಟಿದ್ದು ನಾನೇನಾ?"

ಈ ಬಾರಿ ಸುಳ್ಳು ಹೇಳಲಿಲ್ಲ. "ನಂಗೊತ್ತಿಲ್ಲ, ಐಸಿ."

"ಅಬ್ಬ, ಇವತ್ತಾದ್ರೂ ನಿಜ ಹೇಳಿದ್ರಿ," ಎಂದು ಹೊರಟುಹೋದಳು.

ಮರುದಿನದಿಂದ ಅವಳು ಕಿವುಡಿಯಾದಳು. ಅಂದರೆ ಹಾಗೆ ನಟಿಸಿದಳು. ಬೆಳಗ್ಗೆ ಲೆವಾರ್ ಗಂಜಿಯ ಲೋಟದತ್ತ ಬೆರಳು ತೋರಿಸಿದರೆ "ಏನು?" ಎಂದಳು. ಅವನು ತನ್ನ ಪಾರಿವಾಳದ ಮಾತಿನಲ್ಲಿ ಕೇಳಿದರೆ "ಏನು? ತಿಳೀಲಿಲ್ಲ," ಎಂದಳು. ಅವಳಿಗೆ ತಿಳಿದಿತ್ತು. ಸಕ್ಕರೆ ಹೆಚ್ಚು ಹಾಕು, ಜಾಯಿಕಾಯಿ ಬೇಡ ಎಂದು ಅವನು ಹೇಳಿದ್ದ. ಹುಡುಗ ದಿಗ್ಭ್ರಮೆಗೊಂಡು ಅವಳನ್ನೇ ನೋಡಿದ. ಲೋಕದಲ್ಲಿ ತನ್ನನ್ನು ಬಲ್ಲ ಒಂದೇ ಒಂದು ಜೀವ ಒಮ್ಮೆಲೇ ಅಪರಿಚಿತವಾದರೆ ಯಾರಿಗೆ ತಾನೇ ಎದೆಯೊಡೆಯದು? ಮೂರನೆಯ ದಿನ ಅವನು ಲೋಟವನ್ನು ಗೋಡೆಗೆಸೆದ. ಐದನೆಯ ದಿನ ಊಟ ಬಿಟ್ಟ. ಐಸಿ ಅಡುಗೆಮನೆಯ ಹಿಂದೆ ಹೋಗಿ ಮುಂಗೈ ಕಚ್ಚಿಕೊಂಡು ಅಳುತ್ತಿದ್ದುದನ್ನು ಪಕ್ಕದ ಮನೆಯ ಪರ್ಲೀನ್ ಕಂಡಳು.

"ಏನೇ ಐಸಿ, ಮಗು ಹಂಗೆ ಕಿರಿಚ್ತಿದೆ, ಕಿವಿಗೆ ಹಿಟ್ಟು ತುಂಬ್ಕೊಂಡಿದ್ಯಾ?"

"ಹೂಂ ಕಣೇ. ನೀನೂ ಸ್ವಲ್ಪ ಬಾಯಿಗೆ ತುಂಬ್ಕೋ."

ಆ ದಿನಗಳಲ್ಲಿ ನಾನು ಒಂದು ವಿಷಯವನ್ನು ಬಹಳ ಯೋಚಿಸಿದೆ. ನಮ್ಮ ಅಂತರಂಗದಲ್ಲಿರುವುದನ್ನೆಲ್ಲ ಪರಮಾತ್ಮನು ಬಲ್ಲನು. ಆದರೂ ನಾವು ಬಾಯಿಬಿಟ್ಟು ಬೇಡಲೆಂದು ಕಾಯುತ್ತಾನೆ. ಯುವಕನಾಗಿದ್ದಾಗ ಇದು ನನಗೆ ಒಡೆಯನ ಗತ್ತಿನಂತೆ ಕಂಡಿತ್ತು. ಮುಂಗೈ ಕಚ್ಚಿಕೊಂಡ ಆ ಅಜ್ಜಿಯ ಸುದ್ದಿ ಕೇಳಿದ ಮೇಲೆ, ಕಾಯುವವನ ಮೌನಕ್ಕೂ ನೋವಿರಬಹುದೆಂದು ನನಗೆ ಮೊದಲ ಬಾರಿಗೆ ಹೊಳೆಯಿತು. ಆಗ ನನಗೆ ಐವತ್ತೆಂಟು ವರ್ಷ.

ಆಗಸ್ಟ್ ಮುಗಿಯುತ್ತ ಬಂದರೂ ಅವಳ ಕರಾರಿನ ಮೂವರು ಸಿಗಲಿಲ್ಲ. ಲೆವಾರನ ಮಾತು ಹಿಂದಿಗಿಂತ ಗಟ್ಟಿಯಾಗಿತ್ತು, ಸಿಟ್ಟಿನಿಂದ ಕೂಡಿತ್ತು, ತಿಳಿಯಾಗಿರಲಿಲ್ಲ. ಶಾಲೆ ತೆರೆಯುವ ಮುನ್ನಿನ ಶನಿವಾರ ಅವಳೇ ಅವನ ಕೈಹಿಡಿದು ಗ್ಲಾಡ್‌ಸ್ಟನ್ ಕ್ಷೌರಿಕನ ಅಂಗಳಕ್ಕೆ ಬಂದಳು. ಪ್ರಾರ್ಥನೆಗೆಂದು ನನಗೂ ಹೇಳಿಕಳಿಸಿದ್ದಳು.

"ಮಾತು ಬಂದ್ಮೇಲೆ ಕತ್ತರಿ ಅಂದಿದ್ಯಲ್ಲ, ಐಸಿ?" ಎಂದೆ.

"ಅಂದಿದ್ದೆ. ಕಾಯ್ತಾ ಕೂತ್ರೆ ನನ್ನ ಮಡ್ಲಲ್ಲೇ ಇರ್ತಾನೆ, ಹಾಯಾಗಿ. ನಂಗೆ ಹೆದ್ರಿಕೆ ಹೋಗಿಲ್ಲ ಬ್ರದರ್. ಹೆದ್ರಿಕೆ ಇಟ್ಕೊಂಡೇ ಬಂದಿದ್ದೀನಿ. ನಿಮ್ಮ ಉಪದೇಶ ಬೇಡ, ಪ್ರಾರ್ಥನೆ ಮಾಡಿ. ಉದ್ದ ಎಳೀಬೇಡಿ."

ನಾನು ಎರಡೇ ಸಾಲು ಪ್ರಾರ್ಥಿಸಿದೆ. ಅವಳು ಒಂದೊಂದಾಗಿ ಏಳು ಜಡೆಗಳನ್ನೂ ಬಿಚ್ಚಿದಳು. ಗ್ಲಾಡ್‌ಸ್ಟನ್ ಬಟ್ಟೆ ಹೊದಿಸಿ, ದೊಡ್ಡವರನ್ನು ಕೇಳುವಂತೆಯೇ ಹುಡುಗನನ್ನು ಕೇಳಿದ. "ಹೆಂಗೆ ಬೇಕು ಯಜಮಾನ್ರೇ?"

ಲೆವಾರ್ ಅಜ್ಜಿಯ ಕಡೆ ನೋಡಿದ. ಅಜ್ಜಿ ರಸ್ತೆಯ ಕಡೆ ನೋಡಿದಳು. ಅವನು ಏನೋ ಅಂದ.

"ತಿಳೀಲಿಲ್ಲ ದೊರೆ. ಇನ್ನೊಂದ್ಸಲ."

ಅಂದ. ಇನ್ನೊಮ್ಮೆ ಅಂದ. ಕೊನೆಗೆ ಬಟ್ಟೆಯೊಳಗಿನಿಂದ ಕೈ ತೆಗೆದು ನೆತ್ತಿಯನ್ನು ತಟ್ಟುತ್ತ ಕಿರುಚಿದ.

"ಓ, ನೆತ್ತಿ ಮೇಲೆ ಸ್ವಲ್ಪ ಬಿಡ್ಬೇಕಾ? ಆಗಲ್ಲ ಸ್ವಾಮಿ, ಶಾಲೆಯವ್ರು ನನ್ನ ಹಿಡ್ಕೊಂಡು ಹೊಡೀತಾರೆ," ಎಂದ ಗ್ಲಾಡ್‌ಸ್ಟನ್. ಹುಡುಗ ಸ್ವಲ್ಪ ಯೋಚಿಸಿ ಆಗಲೆಂದು ತಲೆಯಾಡಿಸಿದ. ಕತ್ತರಿ ಶುರುವಾಯಿತು. ಐಸಿ ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು.

ಸೋಮವಾರ ಬೆಳಗ್ಗೆ ಇಸ್ತ್ರಿ ಮಾಡಿದ ಖಾಕಿಯಲ್ಲಿ, ಗಿಡ್ಡ ಕೂದಲ ತಲೆಯೊಂದಿಗೆ ಲೆವಾರ್ ಶಾಲೆಯ ಒಳಗೆ ಹೋದ. ಐಸಿ ಗೇಟಿನಲ್ಲಿ ನಿಂತಳು. ಅವನಿಗೆ ಒಂದಕ್ಕೆ ಹೋಗಬೇಕೆನಿಸಿದಾಗ ಕಿವಿಯ ತುದಿ ಹಿಡಿದುಕೊಳ್ಳುತ್ತಾನೆ. ಇದು ಟೀಚರಿಗೆ ಗೊತ್ತಿಲ್ಲ. ಅದೊಂದನ್ನು ಹೇಳಿಬರಲು ಅವಳು ಅಂಗಳದ ಅರ್ಧದವರೆಗೆ ನಡೆದಳು. ಅಲ್ಲಿ ನಿಂತಳು. ಹಾಗೆಯೇ ತಿರುಗಿ ಬಂದಳು.

ಆ ದಿನ ಹುಡುಗ ಚಡ್ಡಿ ಒದ್ದೆಮಾಡಿಕೊಂಡ. ಮಕ್ಕಳು ನಕ್ಕರು. ಸಂಜೆ ಐಸಿ ಚಡ್ಡಿ ಒಗೆದು ಒಲೆಯ ಬಳಿ ಒಣಹಾಕುತ್ತಿದ್ದಾಗ ನಾನು ಹೋದೆ. ಹೇಳಿದ್ದರೆ ಇದು ತಪ್ಪುತ್ತಿತ್ತಲ್ಲ ಎಂದು ನಾನು ಅನ್ನಲಿಲ್ಲ. ಅದು ಅವಳಿಗೆ ಗೊತ್ತಿತ್ತು.

"ನಾಳೆ ಕಳಿಸ್ತೀಯಾ?" ಎಂದು ಮಾತ್ರ ಕೇಳಿದೆ.

"ಮತ್ತೆ?" ಎಂದಳು, ಚಡ್ಡಿಯನ್ನು ಬಲವಾಗಿ ಕೊಡವುತ್ತ.

ಮಂಗಳವಾರ ಎರಡನೆಯ ಪಾಠದ ನಡುವೆ ಲೆವಾರ್ ಎದ್ದು ನಿಂತನಂತೆ. ಟೀಚರಿಗೆ ಮೊದಲು ತಿಳಿಯಲಿಲ್ಲ. ಅವನು ಕೂರಲೂ ಇಲ್ಲ, ಬಾಗಿಲಿನತ್ತ ನೋಡಿ ಅಳಲೂ ಇಲ್ಲ. ಕಿವಿ ಹಿಡಿಯದೆ, ಬಾಯಿಬಿಟ್ಟು ನಾಲ್ಕು ಸಲ ಕೇಳಿದ. ನಾಲ್ಕನೆಯ ಸಲಕ್ಕೆ ಅವಳು, "ಹೋಗ್ಬಾ ಲೆವಾರ್," ಎಂದಳು.