ಎರಡೂ ಕಣ್ಣು ಬಿಟ್ಟ ಹುಂಜ

ಆ ಹುಂಜ ನನ್ನ ಹತ್ತಿರ ಇದ್ದಾಗ ನನಗೆ ಮೂವತ್ತೊಂದು. ಅದಾಗಿ ನಲವತ್ತು ವರ್ಷ ದಾಟಿತು. ಕಳೆದ ವಾರ ಮಹಡಿ ಮನೆಯ ಬಾಡಿಗೆ ಹುಡುಗಿ ಒಂದು ರಟ್ಟಿನ ಡಬ್ಬ ತಂದು ನನ್ನ ಮುಂದಿಟ್ಟು ಮುಚ್ಚಳ ತೆಗೆದಳು. ಒಳಗೇನಿದೆ ಎಂದು ಬಗ್ಗಿ ನೋಡುವ ಮೊದಲೇ ನನ್ನ ಮೂಗಿಗೆ ಗೊತ್ತಾಯಿತು. ಕೊಳೆತ ಮೊಟ್ಟೆಯೂ ಅಲ್ಲ, ಸತ್ತ ಇಲಿಯೂ ಅಲ್ಲ, ಎರಡರ ನಡುವಿನ ಒಂದು ಗಬ್ಬು. ಕೋಳಿಯ ಮೂಗಿನೊಳಗೆ ಕೀವು ಕಟ್ಟಿದಾಗ ಬರುವ ನಾತ.

"ಅಜ್ಜಿ, ಇದರ ಕಣ್ಣಿಗೆ ಏನೋ ಆಗಿದೆ," ಅಂದಳು.

"ಕಣ್ಣಿಗಲ್ಲ ಕಣೇ, ಮೂಗಿಗೆ," ಅಂದೆ.

ಬಾಯಿ ನನ್ನದು. ಮಾತು ಮಾತ್ರ ಗೋಡೆಯಾಚೆಯ ಕಾಂಪೌಂಡರದ್ದು...

ಶಂಕರಪುರದ ಈ ಮನೆಯ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ ಇತ್ತು. ಅವರು ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದು ರಿಟೈರಾದವರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಮೊಟ್ಟೆಯ ಹೆಸರೆತ್ತಿದರೆ ಅವರ ಹೆಂಡತಿ ಕಿಟಕಿ ಮುಚ್ಚಿಕೊಳ್ಳುವರು. ನನ್ನ ಕಡೆ ಎಂಟು ಹೇಂಟೆ, ಒಂದು ಹುಂಜ.

ಆ ಹುಂಜ ಸುಮ್ಮನೆ ಸಾಕಿದ್ದಲ್ಲ. ಆ ವರ್ಷ ನನ್ನ ಆರು ವರ್ಷದ ಮಗಳು ಜ್ವರದಲ್ಲಿ ಇಪ್ಪತ್ತು ದಿನ ಕಣ್ಣು ತೆರೆಯದೆ ಮಲಗಿದ್ದಳು. ಡಾಕ್ಟರು ಕೈ ಚೆಲ್ಲಿದ ದಿನ ಹುಂಜದ ಕಾಲಿಗೆ ಅರಿಶಿನದ ದಾರ ಕಟ್ಟಿ ಮಾರಮ್ಮನಿಗೆ ಎಂದುಬಿಟ್ಟೆ. ಮಗಳು ಎದ್ದು ಕೂತಳು. ದಾರ ಕಟ್ಟಿದ ಮೇಲೆ ಬದಲಿ ಹುಂಜ ನಡೆಯುವುದಿಲ್ಲ. ಕಣ್ಣು ಹೋದದ್ದು, ಕಾಲು ಮುರಿದದ್ದು ಕೊಡುವ ಹಾಗೂ ಇಲ್ಲ. ಮಾರಮ್ಮನ ಹಬ್ಬಕ್ಕೆ ಇನ್ನು ಹತ್ತು ದಿನವಿದೆ ಎನ್ನುವಾಗ ಹುಂಜದ ಒಂದು ಕಣ್ಣು ಮುಚ್ಚಿಕೊಂಡಿತು. ಕೆನ್ನೆ ಅಡಿಕೆ ಇಟ್ಟುಕೊಂಡ ಹಾಗೆ ಊದಿತು. ಮೂಗಿನಲ್ಲಿ ಗೊಣ್ಣೆ, ಕಣ್ಣಿನ ಮೂಲೆಯಲ್ಲಿ ನೊರೆ. ಗಳಿಗೆಗೊಮ್ಮೆ ತಲೆ ಒದರುತ್ತಿತ್ತು.

ನಮ್ಮಲ್ಲಿ ಹರಕೆಯ ಕೋಳಿಯ ಮೇಲೆ ಅಮ್ಮನ ಮುಂದೆ ತೀರ್ಥ ಚಿಮುಕಿಸುತ್ತಾರೆ. ಅದು ಒದರಿದರೆ ಅಮ್ಮ ಒಪ್ಪಿದಳು ಎಂದು ಅರ್ಥ. ನನ್ನ ಅತ್ತೆ ಹಿತ್ತಲ ಬಾಗಿಲಲ್ಲಿ ಕೂತು ಹುಂಜ ತಲೆ ಒದರುವುದನ್ನು ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡರು.

"ನೀರು ಹಾಕ್ದೇನೆ ಒದರ್ತೈತೆ ಕಣೇ. ಅಮ್ಮ ಬಾಯ್ಬಿಟ್ಟು ಕೇಳ್ತಾವ್ಳೆ. ಹಬ್ಬದವರ್ಗೂ ಕಾಯ್ಬ್ಯಾಡ, ನಾಳೇನೇ ಕೊಟ್ಬುಡು."

ಗೋಡೆಯ ಆಚೆ ಪತ್ರೆ ಕೀಳುತ್ತಿದ್ದ ಕಾಂಪೌಂಡರು ತಲೆ ಎತ್ತಿದರು. "ಅಮ್ಮ ಅಲ್ಲ ತಾಯಿ, ಸಿಂಬಳ," ಅಂದರು.

ಅತ್ತೆ ಅವರ ಜೊತೆ ಎರಡು ತಿಂಗಳು ಮಾತು ಬಿಟ್ಟರು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಭಯವೂ ಇತ್ತು. ಹುಂಜ ಸತ್ತರೆ ಹರಕೆ ಮುರಿಯಿತು. ಹರಕೆ ಮುರಿದರೆ ಮಗಳು... ಹುಂಜವನ್ನು ಎತ್ತಿ ಗೋಡೆಯ ಮೇಲಿಟ್ಟೆ.

ಅವರು ಹುಂಜವನ್ನು ಮುಟ್ಟುವ ಮೊದಲು ನನ್ನ ಗೂಡನ್ನು ನೋಡಿದರು. ಶೀತವಾಗಿದೆ ಎಂದು ನಾನು ಗೂಡಿನ ಸುತ್ತ ಗೋಣಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಗಾಳಿ ಆಡದ ಹಾಗೆ ಬಿಗಿದಿದ್ದೆ.

"ಒಳಗೆ ತಲೆ ಹಾಕಮ್ಮ," ಅಂದರು.

"ಯಾರು, ನಾನಾ?"

"ಇನ್ಯಾರು, ನಾನಾ? ಹಾಕು. ನೂರು ಎಣಿಸು."

ಇಪ್ಪತ್ತಕ್ಕೇ ಹೊರಗೆ ಬಂದೆ. ಹಿಕ್ಕೆಯ ಘಾಟಿಗೆ ಕಣ್ಣು ಮೂಗು ಎಲ್ಲ ಸುರಿಯುತ್ತಿತ್ತು.

"ನೀನು ಇಪ್ಪತ್ತು ಎಣಿಸಿದೆ. ಅವು ರಾತ್ರಿಯೆಲ್ಲ ಇರ್ತಾವೆ," ಅಂದರು. ಬೈಯಲಿಲ್ಲ. ನಾನು ಆಗಲೇ ಗೋಣಿ ಕಿತ್ತು ಬಿಸಾಕಿದೆ.

ಅವತ್ತಿನಿಂದ ಆ ಗೋಡೆಯೇ ಆಸ್ಪತ್ರೆ. ಬೆಳಗ್ಗೆ ಅವರ ಪೂಜೆ ಮುಗಿಯುವುದನ್ನೇ ಕಾಯುತ್ತಿದ್ದೆ. ಕಾಯಿಸಿ ಆರಿಸಿದ ಉಪ್ಪುನೀರು, ಹತ್ತಿ. ಒಮ್ಮೆ ಒರೆಸಿದ ಹತ್ತಿಯಲ್ಲಿ ಮತ್ತೆ ಒರೆಸಬಾರದು, ಈ ಕಣ್ಣಿನ ಹತ್ತಿ ಆ ಕಣ್ಣಿಗೆ ಮುಟ್ಟಿಸಬಾರದು. ನಾನು ಹುಂಜವನ್ನು ಹಳೇ ಸೀರೆಯಲ್ಲಿ ಮಗುವಿನ ಹಾಗೆ ಸುತ್ತಿ ಹಿಡಿಯುವುದು, ಅವರು ಮೂಗಿನ ತೂತು ಬಿಡಿಸಿ, ಕಣ್ಣಿಗೆ ಮುಲಾಮು ಹಾಕುವುದು. ತಮ್ಮ ಹಳೇ ದನದ ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಕೇಳಿ ನೀರಿಗೆ ಹಾಕುವ ಔಷಧಿ ತಂದರು. ನನಗೆ ಓದಲು ಬಾರದು ಎಂದು ಪೊಟ್ಟಣದ ಮೇಲೆ ಒಂದು ನೀರಿನ ಬಟ್ಟಲು ಬರೆದು ಐದು ಗೆರೆ ಎಳೆದರು. ಐದು ದಿನ. ಹುಂಜ ಬೇರೆ, ಅದರ ಬಟ್ಟಲು ಬೇರೆ. ಹೇಂಟೆಗಳಿಗೆ ನುಗ್ಗೆ ಸೊಪ್ಪು.

ನಾಲ್ಕನೆಯ ದಿನ ಅವರು ಕೆನ್ನೆಯನ್ನು ಬೆರಳಲ್ಲಿ ಮೆಲ್ಲಗೆ ನೀವುತ್ತಿದ್ದ ಹಾಗೇ ಮೂಗಿನಿಂದ ಕಡಲೆಬೇಳೆಯಷ್ಟು ಗಟ್ಟಿ ಕೀವು ಹೊರಗೆ ಬಂತು. "ಬಂತು, ಬಂತು," ಎಂದು ನಾನು ಕೂಗಿದ್ದಕ್ಕೆ ಬೀದಿಯ ಹೆಂಗಸರೆಲ್ಲ ಕಾರ್ಪೊರೇಷನ್ ನೀರು ಬಂತೆಂದು ಕೊಡ ಹಿಡಿದು ಬಂದರು. ನನ್ನ ಮದುವೆಯ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಎಂಟನೆಯ ದಿನ ಕಣ್ಣು ಸೀಳಿನಷ್ಟು ತೆರೆಯಿತು. ಒಂಬತ್ತನೆಯ ದಿನ ಹುಂಜ ಒಡೆದ ಗಂಟಲಲ್ಲಿ ಕೂಗಿತು. ಕಾಂಪೌಂಡರು ಬಾಯಿ ಮುಕ್ಕಳಿಸುತ್ತಿದ್ದ ನೀರನ್ನೂ ಉಗಿಯದೆ ಗೋಡೆಗೆ ಓಡಿ ಬಂದರು.

ಹಬ್ಬಕ್ಕೆ ಕೊಡುತ್ತೇನೆ ಅಂದೆ. ಔಷಧಿ ಕುಡಿದ ಕೋಳಿ, ಮೂರು ವಾರ ಯಾರೂ ತಿನ್ನುವ ಹಾಗಿಲ್ಲ ಅಂದರು. ಸರಿ ಎಂದು ಕಾದೆ. ಮೂರು ವಾರ ಮುಗಿದು, ನಾಳೆ ಮಂಗಳವಾರ, ಅಮ್ಮನ ವಾರ ಎನ್ನುವ ದಿನ, "ಹುಂಜ ಕೊಡಮ್ಮ, ಇನ್ನೊಂದು ಸಲ ಮುಲಾಮು ಹಾಕ್ಬಿಡೋಣ," ಎಂದು ಟ್ಯೂಬು ಹಿಡಿದು ನಿಂತಿದ್ದರು.

ಹುಂಜದ ಕಣ್ಣು ಮೆಣಸಿನ ಕಾಳಿನ ಹಾಗೆ ಹೊಳೆಯುತ್ತಿತ್ತು.

"ಚೆನ್ನಾಗೈತಲ್ಲ ಕಾಂಪೌಂಡ್ರೇ."

"ಸ್ವಲ್ಪ ಕೆಂಪಿದೆ."

"ಎಲ್ಲಿ ತೋರ್ಸಿ."

ಅವರು ತೋರಿಸಲಿಲ್ಲ. ಇನ್ನೊಂದು ಚೂರು ಮುಲಾಮು ಬಿದ್ದರೆ ಮತ್ತೆ ಮೂರು ವಾರ ಅನ್ನುತ್ತಾರೆಂದು ನನಗೆ ಆಗ ತಿಳಿಯಿತು.

"ಹುಂಜ ನಿಂದಮ್ಮ. ಕಣ್ಣು ನಂದು," ಅಂದರು.

ಹರಕೆ ಯಾಕೆಂದು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಹೇಳಿದೆ. ಮಗಳು ಇಪ್ಪತ್ತು ದಿನ ಕಣ್ಣು ತೆರೆಯದೆ ಮಲಗಿದ್ದನ್ನು ಹೇಳಿದೆ. ಅವರು ಟ್ಯೂಬಿನ ಮುಚ್ಚಳ ತಿರುಗಿಸಿ ತಿರುಗಿಸಿ ಹಾಕಿದರು. "ಮೊದ್ಲೇ ಹೇಳ್ಬಾರ್ದಿತ್ತಾ?" ಎಂದು ಹುಂಜದ ತಲೆ ಒಮ್ಮೆ ಸವರಿ ನನ್ನ ಕೈಗೆ ಕೊಟ್ಟರು.

ಮಂಗಳವಾರ ತೀರ್ಥ ಚಿಮುಕಿಸಿದರು. ಹುಂಜ ಮೈಯೆಲ್ಲ ಅರಳಿಸಿ ಒದರಿತು. ಈ ಸಲ ಸಿಂಬಳಕ್ಕಲ್ಲ. ಕೊಟ್ಟೆ. ಕೊಡದೆ ಏನು?

ಸಂಜೆ ಅವರು ಗೋಡೆಯ ಹತ್ತಿರ ಬಂದು ಬೇರೆ ಎಲ್ಲೋ ನೋಡುತ್ತ ಕೇಳಿದರು. "ಕಣ್ಣು ಬಿಟ್ಟಿತ್ತಾ?"

"ಎರಡೂ," ಅಂದೆ.

"ಸರಿ. ಆ ಕರಿ ಹೇಂಟೆ ಸೀನ್ತಾ ಇದೆ. ಹಿಡ್ಕೊಂಡ್ ಬಾ."

ಆಮೇಲೆ ಹದಿನಾಲ್ಕು ವರ್ಷ ಅದೇ ಗೋಡೆ, ಅದೇ ಹತ್ತಿ. ಕಡೆಗಾಲದಲ್ಲಿ ಅವರ ಕಣ್ಣಿಗೇ ಪೊರೆ ಬಂತು. ಕೋಳಿಯನ್ನು ಮೂಸಿ ಇದು ಬರೀ ಧೂಳು, ಇದು ಕೀವು ಎನ್ನುತ್ತಿದ್ದರು. ತಪ್ಪುತ್ತಿರಲಿಲ್ಲ. ತೀರಿಹೋದ ದಿನ ಅವರನ್ನು ಅವರ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ನೋಡಿದೆ. ಎರಡೂ ಮುಚ್ಚಿದ್ದವು. ಅಳು ಬರಲಿಲ್ಲ, ಮನೆಗೆ ಬಂದು ಗೂಡು ಗುಡಿಸಿದೆ... ಈಗ ಹಿತ್ತಲ ಆ ಗೋಡೆ ಇಲ್ಲ. ಗೋಡೆ ಇದ್ದ ಜಾಗದಲ್ಲಿ ನಾಲ್ಕು ಅಂತಸ್ತಿನವರ ಬೈಕುಗಳು ನಿಲ್ಲುತ್ತವೆ. ಉಪ್ಪುನೀರಿಗೆ ಉಪ್ಪು ಎಷ್ಟೆಂದು ಸಂಶಯ ಬಂದರೆ ಕೇಳಲು ಯಾರೂ ಇಲ್ಲ.

ಹುಡುಗಿಯ ಕೋಳಿಯನ್ನು ಬೇರೆ ಇಡಿಸಿ, ಕಣ್ಣು ತೊಳೆದು, ಡಾಕ್ಟರ ಹತ್ತಿರ ತೋರಿಸು ಎಂದು ಕಳಿಸಿದೆ. ಮಾರನೆಯ ದಿನ ಬೆಳಗ್ಗೆ ಮಂಡಿ ಹಿಡಿದುಕೊಂಡು ಮಹಡಿ ಹತ್ತಿ, ಅವಳು ಟಾರ್ಪಾಲು ಬಿಗಿದಿದ್ದ ಗೂಡಿನೊಳಗೆ ತಲೆ ಹಾಕಿದೆ. ಎಪ್ಪತ್ತರವರೆಗೆ ಎಣಿಸಿದೆ.

"ಅಜ್ಜಿ, ಅಳ್ತಿದೀರಾ?" ಅಂದಳು.

"ಹಿಕ್ಕೆ ಘಾಟು ಕಣೇ," ಅಂದೆ. "ಬಾ, ನೀನೂ ತಲೆ ಹಾಕು."