ಅತ್ತೆಯ ಕೆಮ್ಮು

ಅತ್ತೆ ತೀರಿಕೊಂಡು ವರ್ಷಗಳೇ ಆದವು. ಈಗಲೂ ಮಟಮಟ ಮಧ್ಯಾಹ್ನ ಅವರ ಕೋಣೆಯಿಂದ ಕೆಮ್ಮು ಕೇಳಿಸಿದಂತಾಗಿ, ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತೇನೆ.

ನಾನು ಮದುವೆಯಾಗಿ ಕಣಕಟ್ಟೆಗೆ ಬಂದಾಗಲೇ ಅವರು ಕೆಮ್ಮುತ್ತಿದ್ದರು. ಕೊಬ್ಬರಿ ಮಾಡುವ ಮನೆಗಳಲ್ಲಿ ಕೆಮ್ಮಿಗೆ ಯಾರೂ ಹೆದರುವುದಿಲ್ಲ. ಅಟ್ಟದಿಂದ ಒಣಗಿದ ಕಾಯಿ ಇಳಿಸಿ ಸುಲಿದರೆ ನಾರಿನ ಧೂಳಿಗೆ ಮನೆಮಂದಿಯೆಲ್ಲ ಕೆಮ್ಮುವವರೇ. “ಧೂಳು ಕಣವ್ವ” ಎಂದರು ಅತ್ತೆ. ನಂಬಿದೆ. ಒಬ್ಬರೇ ಮಲಗಲು ಅವರಿಗೆ ಭಯವೆಂದು, ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ಅವರ ಪಕ್ಕದಲ್ಲೇ ಚಾಪೆ ಹಾಸಿಕೊಂಡೆ. ಹೆತ್ತ ತಾಯಿಯಷ್ಟೇ ಅವರನ್ನು ಪ್ರೀತಿಸಿದೆ, ಸುಳ್ಳಲ್ಲ.

ಕೊನೆಗಾಲದಲ್ಲಿ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, “ಇಲ್ಲೇ ಹುಟ್ಟಿ ಬತ್ತೀನಿ, ದಾರಿ ಕಾಯ್ತಿರು” ಎಂದರು.

ಮನೆಯವರೆಲ್ಲ ಕಾದರು. ನನಗೋ ಮುಟ್ಟು ಕಡಿಮೆಯಾಗುತ್ತಾ ಬಂದು ಬರೀ ಕಲೆಯಷ್ಟಾಯಿತು. ಹಳೇಬೀಡಿನ ಕಡೆಯ ಜೋಯಿಸರು ನಾಗದೋಷ ಎಂದರು. ಕಲ್ಲು ನಿಲ್ಲಿಸಿ ಹಾಲೆರೆದೆವು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಮ್ಮ ಕಂಕುಳಲ್ಲಿ ಕೂಸೂ ಇರಲಿಲ್ಲ.

ಕಡೆಗೆ ಅರಸೀಕೆರೆಯ ಡಾಕ್ಟರಮ್ಮ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಟಿಬಿ.

“ನನಗೆ ಕೆಮ್ಮೇ ಇಲ್ಲವಲ್ಲ” ಎಂದು ವಾದಿಸಿದೆ.

“ಉಸಿರಲ್ಲಿ ಒಳಗೆ ಹೋಗುತ್ತಮ್ಮ, ಆಮೇಲೆ ರಕ್ತದ ಜೊತೆ ಎಲ್ಲಿಗೆ ಬೇಕಾದ್ರೂ. ಮನೇಲಿ ಯಾರಿಗಾದ್ರೂ ಇತ್ತಾ?”

ಪಕ್ಕದಲ್ಲಿದ್ದ ನನ್ನ ಗಂಡ ತಲೆ ತಗ್ಗಿಸಿಕೊಂಡೇ “ನಮ್ಮವ್ವನಿಗಿತ್ತು” ಎಂದರು. ನಾದಿನಿಗೆ ಗಂಡು ನೋಡುತ್ತಿದ್ದ ಕಾಲವದು. ಸಂಬಂಧ ತಪ್ಪೀತೆಂದು ತಾಯಿ ಮಗ ಇಬ್ಬರೂ ಕಾಯಿಲೆ ಮುಚ್ಚಿಟ್ಟಿದ್ದರು. ಅತ್ತೆ ಮಾತ್ರೆಯನ್ನೂ ಅರ್ಧಕ್ಕೇ ಬಿಟ್ಟಿದ್ದರು. ನಾನೊಬ್ಬಳು ಪೆದ್ದಿ, ಧೂಳನ್ನು ಬೈದುಕೊಂಡು ಮನೆ ಗುಡಿಸುತ್ತಿದ್ದೆ. ಕೊಟ್ಟ ಮಾತಿನಂತೆ ಅತ್ತೆ ನನ್ನ ಹೊಟ್ಟೆಗೇ ಬಂದಿದ್ದಾರೆ ಅನ್ನಿಸಿತು. ಗಂಡನ ಜೊತೆ ಮಾತು ಬಿಟ್ಟೆ.

ತಿಂಗಳುಗಟ್ಟಲೆ ಮಾತ್ರೆ ನುಂಗಿದೆ. ಕಾಯಿಲೆ ಹೋಯಿತು. ಆದರೆ ಎರಡೂ ಗರ್ಭನಾಳ ಮುಚ್ಚಿಹೋಗಿವೆ, ಒಳಪದರವೂ ಹಾಳಾಗಿದೆ, ಮಗು ನಿಲ್ಲುವುದು ಕಷ್ಟ ಎಂದರು ಡಾಕ್ಟರಮ್ಮ.

ವಾಪಸು ಬರುವಾಗ ಬಸ್ಸಿನಲ್ಲಿ ಗಂಡ ಮೆಲ್ಲಗೆ, “ಊರಲ್ಲಿ ದೋಷ ನನ್ನದೇ ಅಂತ ಹೇಳ್ಬಿಡ್ತೀನಿ. ನಿನ್ನನ್ನ ಯಾರೂ ಏನೂ ಅನ್ನಲ್ಲ” ಎಂದರು. ಮನಸಾರೆ ಆಡಿದ ಮಾತು. ನನಗೆ ಅಳು ಬಂತು.

“ಬೇಡ ಕಣ್ರೀ, ಇನ್ನೊಂದು ಸುಳ್ಳು ಬೇಡ. ಮೊದಲು ನಿಮ್ಮ ತಂಗಿಗೆ ಫೋನ್ ಮಾಡಿ. ಅವಳೂ ಆ ಮನೇಲೇ ಇದ್ದೋಳು, ಈಗ ಬಸುರಿ. ಪರೀಕ್ಷೆ ಮಾಡಿಸ್ಕೊಳ್ಳಲಿ.”

ಅವರು ಫೋನ್ ತೆಗೆದರು. ಕೈಯಲ್ಲೇ ಹಿಡಿದುಕೊಂಡು ಕೂತರು. “ಅವಳ ಗಂಡನ ಮನೆಯೋರು ಏನಂದ್ಕೊಳ್ತಾರೋ” ಎಂದರು.

ಅವರ ಕೈಯಿಂದ ಕಿತ್ತುಕೊಂಡು ನಾನೇ ಫೋನ್ ಮಾಡಿದೆ.