ಟೋಪಿಯ ಅಂಚಿನ ಗಾಳಗಳು

ನಮ್ಮ ಚನಬಸಪ್ಪ ಮಾಮಾನ ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ತಲೆಯ ಮೇಲೆ ಬಿಳಿ ಗಾಂಧಿ ಟೋಪಿ, ಆ ಟೋಪಿಯ ಅಂಚಿನಲ್ಲಿ ಸಾಲಾಗಿ ಚುಚ್ಚಿದ ಮೀನಿನ ಗಾಳಗಳು. ಒಂದೊಂದೂ ಶೇಂಗಾ ಬೀಜದಷ್ಟು. ಮುಂದೆ ಸೀಸದ ಗುಂಡು, ಹೊಟ್ಟೆಗೆ ಜರಿ, ಹಿಂದೆ ಹುಂಜದ ಗರಿಯ ಬಾಲ. ಬನಹಟ್ಟಿ ಬಸ್ ನಿಲ್ದಾಣದಲ್ಲಿ ಹೊಸಬರು ವಿಭೂತಿ ನೋಡಿ ನಮಸ್ಕಾರಕ್ಕೆ ಕೈ ಎತ್ತಿ, ಟೋಪಿ ನೋಡಿ ಅರ್ಧಕ್ಕೇ ಇಳಿಸುತ್ತಿದ್ದರು. ಮಾಮಾನಿಗೆ ಎರಡೂ ಸಂತೋಷವೇ. ಯಾರಾದರೂ ನೋಡಿದರೆ ಸಾಕಿತ್ತು ಅವನಿಗೆ.

ಮೀನು ತಿನ್ನುವುದಿರಲಿ, ಅದರ ವಾಸನೆಗೂ ಮೂಗು ಮುಚ್ಚಿಕೊಳ್ಳುವ ಮನೆತನ ನಮ್ಮದು. ಮಾಮಾ ನೇಕಾರ. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ನೂಲು ಮುಗಿದಾಗ, ಹಳೆಯ ಹಾಸಿನ ಎಳೆಗೆ ಹೊಸ ಹಾಸಿನ ಎಳೆಯನ್ನು ಗಂಟು ಹಾಕಿ ಕೂಡಿಸುವುದರಲ್ಲಿ ಅವನ ಕೈ ಹಿಡಿಯುವವರಿರಲಿಲ್ಲ. ಹಾಗಂತ ಬೇರೆಯವರು ಹೇಳುವವರೆಗೆ ಕಾಯುವ ತಾಳ್ಮೆಯೂ ಅವನಿಗಿರಲಿಲ್ಲ. "ನಾ ಹಾಕಿದ ಗಂಟ ಸೀರಿಗೂ ಗೊತ್ತಾಗಂಗಿಲ್ಲ, ಉಟ್ಟಾಕಿಗೂ ಗೊತ್ತಾಗಂಗಿಲ್ಲ" ಎನ್ನುತ್ತಿದ್ದ. ತನ್ನನ್ನು ತಾನು ಹೊಗಳಿಕೊಳ್ಳದಿದ್ದರೆ ಉಂಡದ್ದು ಅರಗದ ಮನುಷ್ಯ.

ಗಾಳ ಕಟ್ಟುವ ಹುಚ್ಚು ಹತ್ತಿದ್ದು ಗಲಗಲಿಯ ಭೀಮಶಿಯಿಂದ. ಭೀಮಶಿ ಕೃಷ್ಣೆಯಲ್ಲಿ ಬಲೆ ಬೀಸಿ ಬದುಕಿದವನು. ಹರೆಯದಲ್ಲಿ ಇಬ್ಬರೂ ಜಮಖಂಡಿಯ ಕುಸ್ತಿ ಕಣದಲ್ಲಿ ಒಬ್ಬರನ್ನೊಬ್ಬರು ಕೆಡವಿ ಗೆಳೆಯರಾಗಿದ್ದರು. ಕೆಲವು ವರ್ಷಗಳ ಹಿಂದೆ ಭೀಮಶಿ ಮೋಟಾರ್ ಸೈಕಲ್ಲಿನಿಂದ ಬಿದ್ದು ಬಲಭುಜ ಮುರಿದುಕೊಂಡ. ಎಲುಬು ಕೂಡಿತು, ಆದರೆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಬಲೆ ಬೀಸುವುದು ಮುಗಿದೇ ಹೋಯಿತು. ಮಗ ಪೇಟೆಯಿಂದ ಮೀನು ತಂದರೆ ಊಟ ಬಿಟ್ಟು ಎದ್ದು ಹೋಗುತ್ತಿದ್ದನಂತೆ. ನೋಡಲು ಹೋದ ಮಾಮಾನಿಗೆ, "ಹೊಳಿ ದಂಡಿಮ್ಯಾಲ ಹುಟ್ಟಿದಾಂವ ಮೀನ ಕೊಂಡು ತಿನ್ನೂದಂದ್ರ ಸತ್ತಂಗ ಲೆಕ್ಕ, ಚನಬಸು" ಅಂದ.

ಮಾಮಾ ಅಲ್ಲಿಂದ ನೇರ ಮುಧೋಳದ ನನ್ನ ಮನೆಗೆ ಬಂದ. ಒಂದೇ ಕೈಯಲ್ಲಿ ಮೀನು ಹಿಡಿಯುವ ಉಪಾಯ ಮೊಬೈಲಿನಲ್ಲಿ ಇದ್ದೇ ಇರುತ್ತದೆ, ಹುಡುಕು ಎಂದು ಜೀವ ತಿಂದ. ಹುಡುಕಿದೆ. ಯಾವುದೋ ದೇಶದ ಗಡ್ಡದವನೊಬ್ಬ ಪುಟ್ಟ ಗಾಳಕ್ಕೆ ಸೀಸ ಕೂಡಿಸಿ, ಗರಿ ಇಟ್ಟು ನೂಲು ಸುತ್ತುತ್ತಿದ್ದ. ಸೀಸದ ಭಾರಕ್ಕೆ ಅಂಥ ಗಾಳ ಮೊನೆ ಮೇಲಾಗಿ ಇಳಿಯುತ್ತದೆ. ಗಲಗಲಿಯ ಹಿನ್ನೀರಿನಲ್ಲಿ ಮುಳುಗಿದ ಜಾಲಿಯ ಬೊಡ್ಡೆಗೆ ಅಷ್ಟು ಸುಲಭಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಮಣಿಕಟ್ಟು ತುಸು ಅಲುಗಿಸಿದರೆ ಹುಳದ ಹಾಗೆ ಕುಣಿಯುತ್ತದೆ, ಭುಜದ ಕೆಲಸವೇ ಇಲ್ಲ. ಮಾಮಾ ಪೂರ್ತಿ ನೋಡಿ, "ವಿಚಾರ ಛಲೋ ಐತಿ. ಆದರ ಇವಗ ನೂಲ ಹಿಡ್ಯಾಕ ಬರಂಗಿಲ್ಲ" ಎಂದು ತೀರ್ಪು ಕೊಟ್ಟ.

ಬನಹಟ್ಟಿಗೆ ಮರಳಿ ಮಾಮಾ ಗಾಳ ಕಟ್ಟಲು ಕುಳಿತದ್ದೇ, ಅವನ ಹೆಂಡತಿ ಶಾಂತವ್ವ ಅತ್ತೆ ಕೆಂಡವಾದಳು. ಲಿಂಗಪೂಜೆಯ ಮನೆಯೊಳಗೆ ಮೀನಿನ ಗಾಳ ಬರಕೂಡದು, ಬೇಕಿದ್ದರೆ ಮಗ್ಗದ ಕುಣಿಯಲ್ಲಿ ಕುಳಿತು ಕಟ್ಟಲಿ ಎಂದಳು. ತಾನು ಮೀನು ಹಿಡಿಯುತ್ತಿಲ್ಲ, ಬರೀ ಗಂಟು ಹಾಕುತ್ತಿದ್ದೇನೆ ಎಂದು ಮಾಮಾ ವಾದಿಸಿದ. ಅದು ನಡೆಯಲಿಲ್ಲ. ಅಂದಿನಿಂದ ಗಾಳ ಚುಚ್ಚಿದ ಟೋಪಿಗೆ ಹೊಸ್ತಿಲ ಹೊರಗಿನ ಮೊಳೆಯೇ ಗತಿಯಾಯಿತು. ಸೀಸ ಬೇಕಾದಾಗ ಭೀಮಶಿ ತನ್ನ ಬಲೆಯ ಅಂಚಿನ ಗುಂಡುಗಳನ್ನೇ ಬಿಚ್ಚಿ ಕೊಟ್ಟ. ಇನ್ನು ಬಲೆಗೆ ಭಾರ ಯಾಕೆ ಅಂದನಂತೆ. ಅದನ್ನು ಹೇಳುವಾಗ ಮಾಮಾನ ದನಿ ಸಣ್ಣದಾಗಿತ್ತು.

ಒಂದು ಭಾನುವಾರ ನನ್ನ ಸ್ಕೂಟರಿನ ಮೇಲೆ ಗಲಗಲಿಗೆ ಹೋದೆವು. ಭೀಮಶಿ ಎಡಗೈಯಲ್ಲಿ ಗಿಡ್ಡ ಕೋಲು ಹಿಡಿದು ಗಾಳ ಇಳಿಸಿದ. ಸ್ವಲ್ಪ ಹೊತ್ತಿಗೆ ಎಳೆದು ನೋಡಿದರೆ ಸೀಸ, ಬೋಳು ಗಾಳ ಅಷ್ಟೇ. ಗರಿ ನೀರಿನ ಮೇಲೆ ತೇಲುತ್ತಿತ್ತು, ಜರಿ ಬಿಚ್ಚಿ ಜೋತಾಡುತ್ತಿತ್ತು. ಇನ್ನೊಂದು ಇಳಿಸಿದರೆ ಅದರದೂ ಅದೇ ಕಥೆ. ಬನಹಟ್ಟಿಯವರು ಸೀರೆ ಒಗೆಯಲು ಬಂದಿದ್ದಾರೆ ಎಂದು ದಂಡೆಯ ಮೇಲಿನವರು ನಕ್ಕರು. ಭೀಮಶಿ ದಾರ ಸುತ್ತಿಕೊಂಡು ಮನೆಗೆ ನಡೆದ. ಆ ನಗುವನ್ನು ಮಾಮಾ ನುಂಗಿಕೊಂಡ, ಗೆಳೆಯ ಬೆನ್ನು ತಿರುಗಿಸಿ ಹೋದದ್ದನ್ನು ನುಂಗಲಾಗಲಿಲ್ಲ.

ಸಂಜೆ ನನ್ನ ಅಡುಗೆಮನೆಯಲ್ಲಿ ಟೋಪಿಯಿಂದ ಒಂದು ಗಾಳ ಕಿತ್ತು ನೀರಿನ ಲೋಟಕ್ಕೆ ಹಾಕಿ ನೋಡುತ್ತಾ ಕುಳಿತ. ನೀರು ಮೆಲ್ಲಗೆ ಬೆಳ್ಳಗಾಯಿತು. ಮಾಮಾ ಹಣೆ ಬಡಿದುಕೊಂಡು ನಗತೊಡಗಿದ. ಗಂಜಿ! ಮಗ್ಗಕ್ಕೇರುವ ನೂಲಿಗೆ ಗಂಜಿ ಕುಡಿಸುವುದು ನೇಕಾರನ ಮೊದಲ ಪಾಠ. ಗಂಜಿಯ ನೂಲು ಬೆರಳಿಗೆ ಬಿಗಿಯಾಗಿ ಕೂರುತ್ತದೆ, ನೀರಿಗೆ ಬಿದ್ದರೆ ಗಂಜಿ ಕರಗಿ ಸುತ್ತು ಸಡಿಲವಾಗುತ್ತದೆ. ಜನ್ಮವೆಲ್ಲ ಸೀರೆ ನೇಯ್ದವನಿಗೆ ಗಂಜಿಯಿಲ್ಲದ ನೂಲು ನೂಲೇ ಅಲ್ಲ. ಆಗಲೇ ನನ್ನ ಪಾತ್ರೆಯಲ್ಲಿ ನೂಲು ಕುದಿಸಿ ತೊಳೆದ. ಒದ್ದೆ ನೂಲಿನಿಂದಲೇ ಬಿಗಿದು ಸುತ್ತಿ, ತನ್ನ ಗಂಟು ಹಾಕಿ, ನೀರಿಳಿಯದಂತೆ ಗಂಟಿನ ಮೇಲೆ ನನ್ನ ಉಗುರಿನ ಕೆಂಪು ಬಣ್ಣ ಹಚ್ಚಿದ.

ಮುಂದಿನ ವಾರ ಭೀಮಶಿ ತನ್ನ ಮನೆಯ ಕಟ್ಟೆ ಬಿಟ್ಟು ಏಳಲೊಲ್ಲ. ಮಾಮಾ ಅವನೆದುರು ನಿಂತು, "ಕಣದಾಗ ಎಷ್ಟ ಸಲ ಕೆಡವೀನಿ ನಿನ್ನ. ಒಮ್ಮಿಯರ ಏಳದ ಬಿದ್ದಿಯೇನು?" ಎಂದು ಕೇಳಿದ. ಭೀಮಶಿ ಎದ್ದ. ಗಾಳ ಇಳಿಯಿತು, ಎಡ ಮಣಿಕಟ್ಟು ಒಂದೆರಡು ಸಲ ಅಲುಗಿತು, ದಾರ ಜಗ್ಗಿತು. ಅಂಗೈಯಗಲದ ಜಿಲೇಬಿ ಮೀನು ದಂಡೆಯ ಮೇಲೆ ಬಂದು ಬಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಗಾಳದ ಒಂದು ಎಳೆಯೂ ಕದಲಿರಲಿಲ್ಲ. ನಕ್ಕಿದ್ದವರೆಲ್ಲ ಹತ್ತಿರ ಬಂದು ಬಗ್ಗಿ ನೋಡಿದರು. ಭೀಮಶಿ ಮೀನನ್ನು ಎದೆಗವಚಿಕೊಂಡು, ಅವರಿಗೆಲ್ಲ ಕೇಳುವ ಹಾಗೆ, "ಇವತ್ತ ನಮ್ಮ ಮನ್ಯಾಗ ಹೊಳಿ ಮೀನ" ಅಂದ. ಅವನ ಕಣ್ಣುಗಳು ತುಂಬಿದ್ದವು. ನನ್ನವೂ.

ಮಾಮಾ ಧೋತರ ಎತ್ತಿಕಟ್ಟಿ, ಕಣ ಗೆದ್ದ ಪೈಲ್ವಾನನಂತೆ ತೊಡೆ ತಟ್ಟಿದ. "ಹ್ವಾದ ವಾರ ಮೀನಗೋಳಿಗೆ ಗಂಜಿ ಕುಡಿಸಿ ಕಳಸಿದ್ದೆ. ಇವತ್ತ ಊಟಕ್ಕ ಬಂದಾರ ನೋಡ."

ಆಮೇಲೆ ಬೀಳಗಿ ಕಡೆಯಿಂದಲೂ ಜನ ಗಾಳ ಕೇಳಿಕೊಂಡು ಬಂದರು. ಮಾಮಾ ಪುಕ್ಕಟೆ ಕೊಡುತ್ತಿದ್ದ. ಕರಾರು ಒಂದೇ, ಮೊದಲು ಗಂಟು ನೋಡಿ ಹೊಗಳಬೇಕು. ಭೀಮಶಿಯ ಮಗ ಪೇಟೆಯಿಂದ ಮೀನು ತರುವುದು ನಿಂತೇ ಹೋಯಿತು.

ಹೋದ ಚಳಿಗಾಲದಲ್ಲಿ ಮಾಮಾ ಮಗ್ಗದ ಮುಂದೆ ಕುಳಿತಲ್ಲೇ ಒರಗಿ ಜೀವ ಬಿಟ್ಟ. ವಿಭೂತಿ ಹಚ್ಚಿ, ನಮ್ಮ ಪದ್ಧತಿಯಂತೆ ಗೋಡೆಗೆ ಆನಿಸಿ ಕೂರಿಸಿದ್ದರು. ತಲೆ ಬರಿದಾಗಿತ್ತು. ಅತ್ತೆ ಎದ್ದು ಹೊರಗೆ ಹೋಗಿ, ಮೊಳೆಯಿಂದ ಟೋಪಿ ತೆಗೆದು, ಹೊಸ್ತಿಲು ದಾಟಿ ಒಳಗೆ ತಂದು ತಾನೇ ತೊಡಿಸಿದಳು. ಹಿರಿಯರೊಬ್ಬರು ಗೊಣಗಿದರು. ಗಲಗಲಿಯಿಂದ ಬಂದಿದ್ದ ಭೀಮಶಿ ಗಾಳಗಳನ್ನು ಬಿಡಿಸಲು ಎಡಗೈ ಚಾಚಿದ.

"ತಗೀಬ್ಯಾಡ್ರಿ ಅಣ್ಣಾ" ಅಂದಳು ಅತ್ತೆ. "ಅಲ್ಲಿ ಹೋದ ಮ್ಯಾಲೂ ಯಾರಿಗರೆ ತೋರಸಾಕ ಬೇಕಲ್ಲ ಅವರಿಗೆ."

ಭೀಮಶಿ ಅಳುತ್ತಲೇ ನಕ್ಕ. ಮಾಮಾ ಟೋಪಿ ಹಾಕಿಕೊಂಡೇ ಹೋದ.